ಪಿಸಿಎಂ ಶಿಕ್ಷಕಿ ಹೂಗಳ ಕುಟುಂಬ ಕಲಿತ ಕಥೆ

ಕಳೆದ ವಾರ ನಮ್ಮ ಶಾಲೆಯ ಸಸ್ಯ ದಾಖಲೆ ಪುಸ್ತಕಕ್ಕೆ ಮುಖ್ಯ ಶಿಕ್ಷಕರ ಸಹಿ, ಮೊಹರು ಎರಡೂ ಬಿದ್ದವು. ಗೇಟಿನ ಹೊಂಗೆ ಮರದಿಂದ ಹಿಡಿದು ಶೌಚಾಲಯದ ಹಿಂದಿನ ಪಾರ್ಥೇನಿಯಂವರೆಗೆ, ಆವರಣದಲ್ಲಿ ಹೂ ಬಿಡುವ ಪ್ರತಿಯೊಂದಕ್ಕೂ ಒಂದೊಂದು ಸಾಲು: ಊರಿನ ಹೆಸರು, ವೈಜ್ಞಾನಿಕ ಹೆಸರು, ಕುಟುಂಬ, ಅಂದರೆ ಆ ಗಿಡ ಸೇರಿರುವ ಸಂಬಂಧಿ ಗಿಡಗಳ ಗುಂಪು. ನೋಡಿದವರಿಗೆ ಅದು ಎರಡು ಭಾನುವಾರಗಳ ಕೆಲಸ ಎನ್ನಿಸಬಹುದು. ನನಗೆ ಒಂದು ಮುಂಗಾರಿನಿಂದ ಮುಂದಿನ ಮುಂಗಾರಿನವರೆಗೆ ಹಿಡಿಯಿತು, ಅದರಲ್ಲಿ ಬಹುಪಾಲನ್ನು ನುಂಗಿದ್ದು ಆ ಮೂರನೆಯ ಕಾಲಂ. ಇದೇ ಕೆಲಸಕ್ಕೆ ಕೈ ಹಾಕಲಿರುವ ಶಿಕ್ಷಕರಿಗೆ, ಜೀವವೈವಿಧ್ಯ ದಾಖಲಾತಿಯ ಜವಾಬ್ದಾರಿ ಹೆಗಲಿಗೇರಿರುವ ಪಂಚಾಯಿತಿಯವರಿಗೆ, ಬಿ.ಎಸ್ಸಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮೇಜಿನ ಮೇಲಿಟ್ಟ ಕೊಂಬೆ ನೋಡಿ ಬೆವರುವ ಮಕ್ಕಳಿಗೆ ಒಂದಷ್ಟು ಅಲೆದಾಟ ತಪ್ಪಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಅರಸೀಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಪಿಸಿಎಂ ಶಿಕ್ಷಕಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ನನ್ನ ವಿಷಯಗಳು. ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ ಶಿಕ್ಷಕರು ವರ್ಗವಾಗಿ ಹೋದ ಮೇಲೆ ಜೀವಶಾಸ್ತ್ರದ ಪಾಠವೂ ಅದರ ಬಾಲಕ್ಕೆ ಕಟ್ಟಿದ್ದ ಇಕೋ ಕ್ಲಬ್ಬೂ ನನ್ನ ಪಾಲಿಗೆ ಬಂದವು. ಮರಗಿಡಗಳಿಗೆ ಹೆಸರಿನ ಫಲಕ ಹಾಕಬೇಕು, ಅದಕ್ಕೊಂದು ದಾಖಲೆ ಪುಸ್ತಕ ಇರಬೇಕು ಎಂದು ಸಭೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವರೆಲ್ಲ ಚಹಾ ಕುಡಿದು ಎದ್ದು ಹೋದರು.

ಎಲ್ಲರಂತೆ ಮೊದಲು ಮೊಬೈಲ್ ತೆಗೆದೆ. ಫೋಟೊ ಹೊಡೆದರೆ ಹೆಸರು ಹೇಳುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ದಾಸವಾಳ, ಕಣಗಿಲೆಯಂತಹ ತೋಟದ ಗಿಡಗಳನ್ನು ಅವು ಥಟ್ಟನೆ ಹೇಳಿಬಿಡುತ್ತವೆ. ಬೇಲಿಯ ಕಡೆಗೆ ತಿರುಗಿದ ಕೂಡಲೇ ಪಂಚಾಯಿತಿ ಶುರು. ಒಂದೇ ಗಿಡ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಹೂವನ್ನು ಹತ್ತಿರದಿಂದ ತೆಗೆದರೆ ಒಂದು ಉತ್ತರ, ಇಡೀ ಗಿಡ ತೆಗೆದರೆ ಮತ್ತೊಂದು. ಐದು ಹೆಸರು ಮುಂದಿಟ್ಟಾಗ ಅದರಲ್ಲಿ ನಾಲ್ಕನ್ನು ಹೊಡೆದುಹಾಕುವಷ್ಟು ತಿಳಿವಳಿಕೆ ನಮ್ಮಲ್ಲಿ ಇಲ್ಲದಿದ್ದರೆ ಆ ಪಟ್ಟಿಯಿಂದ ಏನೂ ಪ್ರಯೋಜನವಿಲ್ಲ. ಆ ತಿಳಿವಳಿಕೆ ಎಂದರೆ ಕುಟುಂಬ ಗೊತ್ತಿರುವುದು. ಜಗತ್ತಿನಲ್ಲಿ ಹೂ ಬಿಡುವ ಸಸ್ಯಗಳ ಪ್ರಭೇದಗಳು ಲಕ್ಷಗಟ್ಟಲೆ. ಸಸ್ಯವಿಜ್ಞಾನಿಗಳ ಗುಂಪೊಂದು ಡಿಎನ್‌ಎ ಆಧರಿಸಿ ಮಾಡಿದ 2016ರ ಎಪಿಜಿ 4 ವರ್ಗೀಕರಣದ ಪ್ರಕಾರ ಕುಟುಂಬಗಳು 416. ನಮ್ಮ ಕಡೆಯ ಬೇಲಿ, ಹೊಲ, ಹಿತ್ತಿಲುಗಳ ಮಟ್ಟಿಗೆ ಇಪ್ಪತ್ತು ಇಪ್ಪತ್ತೈದು ಬಂದರೆ ದಿನನಿತ್ಯ ಕಣ್ಣಿಗೆ ಬೀಳುವುದರಲ್ಲಿ ಹೆಚ್ಚಿನವು ದಕ್ಕುತ್ತವೆ.

ಈ ಮಾತನ್ನು ನನಗೆ ಹೇಳಿದ್ದು ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕರೊಬ್ಬರು. ಪಕ್ಕದ ಬೀದಿಯಲ್ಲೇ ಇದ್ದಾರೆ, ಊರಿಗೆಲ್ಲ ಮೇಷ್ಟ್ರು. ಫೋಟೊಗಳ ರಾಶಿ ಹಿಡಿದು ಹೋದಾಗ ಒಂದನ್ನೂ ನೋಡಲಿಲ್ಲ. "ಹೆಸರು ಆಮೇಲೆ ಕೇಳಮ್ಮ. ಮದುವೆ ಮನೆಯಲ್ಲಿ ಹುಡುಗನ ಮೂಗು ನೋಡಿ ಇವನು ಇಂಥವರ ಮನೆಯವನು ಎನ್ನುತ್ತೀರಲ್ಲ, ಮೊದಲು ಅದನ್ನು ಕಲಿ" ಎಂದರು. ಬ್ಲೇಡು ತಂದಿದ್ದೀಯಾ ಎಂದು ಕೇಳಿದರು. ಇರಲಿಲ್ಲ. ತಂದು ಬಾ ಎಂದು ಕಳಿಸಿದರು.

ಆದ್ದರಿಂದ ಸಾಮಾನಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಲೆನ್ಸ್ ಒಂದು, ಗಡ್ಡ ಹೆರೆಯುವ ಬ್ಲೇಡು, ಎರಡು ದಪ್ಪ ಸೂಜಿ, ಬಿಳಿ ಹಾಳೆ. ಲೆನ್ಸ್ ಐನೂರು ರೂಪಾಯಿಯ ಒಳಗೇ ಸಿಗುತ್ತದೆ. ಆಟಿಕೆಯಂತಹ ದೊಡ್ಡ ಭೂತಗನ್ನಡಿ ಬೇಡ, ಎರಡು ಮೂರು ಪಟ್ಟಿಗಿಂತ ಹೆಚ್ಚು ತೋರಿಸುವುದಿಲ್ಲ. ಲೆನ್ಸನ್ನು ಕಣ್ಣಿಗೆ ಹತ್ತಿಸಿ ಹಿಡಿದು ಹೂವನ್ನೇ ಹತ್ತಿರ ತರಬೇಕು. ಕೈ ಚಾಚಿ ಹಿಡಿದರೆ ಮಂಜು ಮಾತ್ರ ಕಾಣುತ್ತದೆ. ಈ ಒಂದು ಸಂಗತಿ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ.

ಮೊದಲ ಪಾಠ ದಾಸವಾಳ. ಪೂಜೆಗೆ ಕಿತ್ತು ಕಿತ್ತು ಸಾಕಾದ ಹೂವು, ಆದರೂ ಅದರೊಳಗನ್ನು ಅಷ್ಟು ವರ್ಷ ನೋಡಿಯೇ ಇರಲಿಲ್ಲ. ಹೊರಗಿನಿಂದ ಒಳಕ್ಕೆ ಬರಬೇಕು ಎಂಬುದು ಮೇಷ್ಟ್ರ ಕ್ರಮ. ಹಸಿರು ಪುಷ್ಪಪತ್ರಗಳ ಬಟ್ಟಲು, ಅದರ ಕೆಳಗೆ ಸಣ್ಣ ಸಣ್ಣ ಪಟ್ಟಿಗಳ ಇನ್ನೊಂದು ಸುತ್ತು. ಇದಕ್ಕೆ ಎಪಿಕೇಲಿಕ್ಸ್ ಎನ್ನುತ್ತಾರೆ. ನಂತರ ಮೊಗ್ಗಿನಲ್ಲಿ ಒಂದರ ಮೇಲೊಂದು ತಿರುಚಿಕೊಂಡಿದ್ದ ಐದು ದಳ. ನಡುವಿನ ಉದ್ದನೆಯ ಕೋಲನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಅದು ಕೋಲಲ್ಲ, ಟೊಳ್ಳು ಕೊಳವೆ ಎಂದು ತಿಳಿಯಿತು. ಕೇಸರಗಳ, ಅಂದರೆ ಹೂವಿನ ಗಂಡು ಭಾಗಗಳ, ದಂಟುಗಳೆಲ್ಲ ಒಂದಕ್ಕೊಂದು ಅಂಟಿ ಕೊಳವೆಯಾಗಿವೆ, ಅದರ ಮೈಮೇಲೆ ಹಳದಿ ಪರಾಗಕೋಶಗಳು, ಒಳಗೆ ಶಲಾಕನಳಿಕೆ, ಅಂದರೆ ಅಂಡಾಶಯದಿಂದ ಮೇಲೇಳುವ ನೂಲಿನಂತಹ ದಂಟು, ನುಸುಳಿ ಹೋಗಿ ತುದಿಯಲ್ಲಿ ಐದು ಕೆಂಪು ಚುಕ್ಕೆಗಳಾಗಿ ಕವಲೊಡೆದಿದೆ. ಬೆರಳಿಗೆ ಅಂಟಂಟು ಲೋಳೆ. ಮಾಲ್ವೇಸಿ ಕುಟುಂಬದ ಗುರುತು ಈ ಕೊಳವೆ ಮತ್ತು ಲೋಳೆ. ಮನೆಗೆ ಬಂದು ಬೆಂಡೆ ಹೂವು ಸೀಳಿದೆ, ಅದೇ ಕೊಳವೆ. ಮರುದಿನ ದಾರಿಬದಿಯ ತುತ್ತಿ ಗಿಡದಲ್ಲೂ ಅದೇ ಕೊಳವೆ, ಆದರೆ ಅದರಲ್ಲಿ ಎಪಿಕೇಲಿಕ್ಸ್ ಇಲ್ಲ. ಹೊಲದ ಹತ್ತಿ, ಕೆರೆ ಏರಿಯ ಹೂವರಸಿ, ಎಲ್ಲ ಒಂದೇ ಮನೆ. ಹೆಸರು ತಿಳಿಯದ ಹಳದಿ ಹೂವೊಂದನ್ನು ಸೀಳಿ "ಇದು ಮಾಲ್ವೇಸಿ" ಎಂದು ನನ್ನಷ್ಟಕ್ಕೆ ನಾನೇ ಹೇಳಿಕೊಂಡ ದಿನ ಸಂಬಳದ ದಿನಕ್ಕಿಂತ ಹೆಚ್ಚು ಖುಷಿಯಾಗಿತ್ತು.

ಅಡುಗೆಮನೆಯಲ್ಲೇ ಅರ್ಧ ಕಲಿಯಬಹುದು ಎಂಬುದು ಈ ದಾರಿಯಲ್ಲಿ ಸಿಕ್ಕ ದೊಡ್ಡ ಉಳಿತಾಯ. ಒಗ್ಗರಣೆ ಡಬ್ಬಿಯ ಸಾಸಿವೆ, ಮೆಂತ್ಯ, ಕೊತ್ತಂಬರಿ ಬೀಜ ಮೂರನ್ನೂ ಹಳೆಯ ಬಕೆಟ್ಟುಗಳಲ್ಲಿ ಬಿತ್ತಿ, ಸೊಪ್ಪು ಕೀಳದೆ ಹೂವಿಗೆ ಬಿಡಿ. ಕೀಳದೆ ಬಿಡುವುದಕ್ಕೆ ಮನೆಯವರನ್ನು ಒಪ್ಪಿಸುವುದು ಬೇರೆ ಸಾಹಸ. ಸಾಸಿವೆಯಲ್ಲಿ ನಾಲ್ಕು ದಳ ಎದುರುಬದುರಾಗಿ ನಿಂತಿರುತ್ತವೆ; ಕೇಸರ ಆರು, ನಾಲ್ಕು ಉದ್ದ, ಎರಡು ಗಿಡ್ಡ. ಅದು ಬ್ರಾಸಿಕೇಸಿ. ಮೂಲಂಗಿ, ಎಲೆಕೋಸು ಅಲ್ಲೇ. ಕೊತ್ತಂಬರಿಯಲ್ಲಿ ಒಂದೇ ಬಿಂದುವಿನಿಂದ ಕಡ್ಡಿಗಳು ಹರಡಿ, ಪ್ರತಿ ಕಡ್ಡಿಯ ತುದಿಯಲ್ಲಿ ಮತ್ತೊಂದು ಪುಟ್ಟ ಹರಡು. ಗೊಂಚಲಿನ ಅಂಚಿನ ಹೂಗಳಲ್ಲಿ ಹೊರಬದಿಯ ದಳ ಮಾತ್ರ ದೊಡ್ಡದು. ಅದು ಏಪಿಯೇಸಿ, ಜೀರಿಗೆ, ಸಬ್ಬಸಿಗೆ, ಕ್ಯಾರೆಟ್ ಅದರ ಬಳಗ. ಮೆಂತ್ಯ ಅವರೆಯ ಕುಟುಂಬ. ಹಾಗಲ, ಹೀರೆ, ಕುಂಬಳದ ಚಪ್ಪರವಿದ್ದರೆ ಕುಕುರ್ಬಿಟೇಸಿಗೆ ಬೇರೆಲ್ಲೂ ಹೋಗಬೇಕಿಲ್ಲ: ಕುಡಿಬಳ್ಳಿ, ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಹೆಣ್ಣು ಹೂವಿನ ದಳಗಳ ಕೆಳಗೆ ಆಗಲೇ ಒಂದು ಪುಟಾಣಿ ಕಾಯಿ. ಬದನೆ, ಟೊಮೆಟೊ, ಮೆಣಸಿನಕಾಯಿಗಳಲ್ಲಿ ಹೂ ಉದುರಿದರೂ ಹಸಿರು ಬಟ್ಟಲು ಉದುರದೆ ಕಾಯಿಯ ತಲೆಯ ಮೇಲೇ ಉಳಿಯುತ್ತದೆ; ಸೊಲನೇಸಿ. ಬೇಲಿಯ ಉಮ್ಮತ್ತಿಯೂ ಈ ಕುಟುಂಬದ್ದೇ, ಆದ್ದರಿಂದ ಯಾವುದನ್ನೂ ಬಾಯಿಗಿಟ್ಟು ಪರೀಕ್ಷೆ ಮಾಡುವ ಅಭ್ಯಾಸ ಬೇಡ.

ಅವರೆಯ ಮನೆ ಸ್ವಲ್ಪ ತಲೆ ತಿನ್ನುತ್ತದೆ. ಅವರೆ, ತೊಗರಿ, ಹೊಂಗೆಯ ಹೂವು ಬಿಡಿಸಿದರೆ ಹಿಂದೆ ಅಗಲವಾದ ಧ್ವಜದಂತಹ ಒಂದು ದಳ, ಅಕ್ಕಪಕ್ಕ ಎರಡು ರೆಕ್ಕೆ, ಮುಂದೆ ಎರಡು ದಳ ಕೂಡಿ ಆದ ದೋಣಿ. ದೋಣಿಯೊಳಗೆ ಹತ್ತು ಕೇಸರ. ಅನೇಕ ಕಡೆ ಒಂಬತ್ತು ಒಟ್ಟಾಗಿ, ಒಂದು ಬೇರೆ. ಇದು ಸುಲಭ. ಶಂಖಪುಷ್ಪದಲ್ಲಿ ಹೂವು ತಲೆಕೆಳಗಾಗಿ ಧ್ವಜ ಕೆಳಗೆ ಬರುತ್ತದೆ, ಅದಕ್ಕೂ ಹೊಂದಿಕೊಳ್ಳಬಹುದು. ಆದರೆ ಕಕ್ಕೆ ಮತ್ತು ತಂಗಡಿಯ ಹಳದಿ ಹೂವಿನಲ್ಲಿ ಧ್ವಜವೂ ಇಲ್ಲ, ದೋಣಿಯೂ ಇಲ್ಲ. ಜಾಲಿ ಮತ್ತು ನಾಚಿಕೆ ಮುಳ್ಳಿನಲ್ಲಿ ಹೂವೇ ಒಂದು ನವಿರಾದ ಉಂಡೆ, ಕಾಣುವುದೆಲ್ಲ ಕೇಸರ. ಮೂರೂ ಒಂದೇ ಕುಟುಂಬ, ಫ್ಯಾಬೇಸಿ. ಹೂವು ಮೂರು ತರಹ ಇದ್ದರೂ ಕಾಯಿಯನ್ನು ನೋಡಿದರೆ ಸಂಬಂಧ ಗೊತ್ತಾಗುತ್ತದೆ. ಕಾಲೇಜು ಪುಸ್ತಕಗಳಲ್ಲಿ ಇವು ಮೂರು ಉಪಕುಟುಂಬಗಳು. 2017ರಲ್ಲಿ ವಿಜ್ಞಾನಿಗಳು ಅವನ್ನು ಆರಾಗಿ ಮರುವಿಂಗಡಿಸಿದರು. ಜಾಲಿಯ ಗುಂಪು ಈಗ ಕಕ್ಕೆಯ ಗುಂಪಿನೊಳಗೆ, ಹುಣಸೆ ಬೇರೆಯದರಲ್ಲಿ, ಬಸವನಪಾದ ಇನ್ನೊಂದರಲ್ಲಿ. ಫಲಕಕ್ಕೆ ಇದಾವುದೂ ಬೇಕಿಲ್ಲ, ಫ್ಯಾಬೇಸಿ ಎಂದರೆ ಸಾಕು. ಪರೀಕ್ಷೆಗೆ ಕೂರುವವರು ಮಾತ್ರ ತಮ್ಮ ಪಠ್ಯಕ್ರಮ ಏನು ಹೇಳುತ್ತದೆ ಎಂದು ನೋಡಿಕೊಂಡು ಅದನ್ನೇ ಬರೆಯುವುದು ಕ್ಷೇಮ.

ಸೇವಂತಿಗೆಯ ಮನೆ, ಆಸ್ಟರೇಸಿ, ಹೊರಗಿನಿಂದ ಸುಲಭ, ಒಳಗೆ ಗಹನ. ನಾವು ಒಂದು ಹೂವು ಎನ್ನುವುದು ನೂರಾರು ಹೂವುಗಳ ಸಭೆ. ಟ್ರೈಡಾಕ್ಸ್ ಎಂಬ ಕಳೆ ಎಲ್ಲ ಆಟದ ಮೈದಾನಗಳಲ್ಲೂ ಇದೆ, ಅದನ್ನೇ ಉದ್ದಕ್ಕೆ ಸೀಳಿ ನೋಡಿ. ಅಂಚಿನ ಕೆನೆಬಣ್ಣದ 'ದಳ'ದ ತುದಿಯಲ್ಲಿ ಮೂರು ಹಲ್ಲು. ಅದು ದಳವಲ್ಲ, ಒಂದು ಪೂರ್ತಿ ಹೂವು. ನಡುವಿನ ಹಳದಿ ಭಾಗದಲ್ಲಿ ಪುಟ್ಟ ಪುಟ್ಟ ಕೊಳವೆಗಳು. ಒಂದೊಂದೂ ಒಂದು ಹೂವು, ಅದರ ಬುಡದಲ್ಲಿ ಅಂಡಾಶಯ, ಪುಷ್ಪಪತ್ರಗಳ ಬದಲು ರೋಮಗಳ ಕುಚ್ಚು. ಸೂರ್ಯಕಾಂತಿ, ಹುಚ್ಚೆಳ್ಳು, ಚೆಂಡುಹೂವು, ಪಾರ್ಥೇನಿಯಂ ಎಲ್ಲಕ್ಕೂ ಇದೇ ಕಟ್ಟು. ಪಾರ್ಥೇನಿಯಂ ಮುಟ್ಟುವಾಗ ಎಚ್ಚರ. ಕೆಲವರಿಗೆ ಚರ್ಮ ಕೆರೆತ, ಸೀನು, ಉಬ್ಬಸ ಬರುತ್ತವೆ. ನನ್ನ ಮೊಣಕೈಗೆ ಬಂದ ಗಂಧೆ ಹೋಗಲು ಮುಲಾಮಿಗೂ ವೈದ್ಯರಿಗೂ ಕೊಟ್ಟ ಹಣದಲ್ಲಿ ಇನ್ನೊಂದು ಲೆನ್ಸ್ ಬರುತ್ತಿತ್ತು.

ಮುಂಗಾರು ಮುಗಿಯುವ ಹೊತ್ತಿಗೆ ಕೈ ಕಟ್ಟಿತು. ಹೂವು ಇದ್ದರೆ ತಾನೇ ಸೀಳುವುದು! ಈ ಕೆಲಸದಲ್ಲಿ ಯಾರೂ ಮೊದಲೇ ಹೇಳದ ಸಂಗತಿ ಎಂದರೆ ಕಾಯುವಿಕೆ. ಗೌರಿಹೂವು ಗೌರಿ ಹಬ್ಬದ ಆಸುಪಾಸಿನಲ್ಲಿ ಬೇಲಿ ಹತ್ತಿ ಮರೆಯಾಗುತ್ತದೆ. ಹುಚ್ಚೆಳ್ಳು ಹೊಲ ಹಳದಿಯಾಗುವುದು ಅಕ್ಟೋಬರಿನ ಹೊತ್ತಿಗೆ, ಬೇವು ಯುಗಾದಿಗೆ, ಕಕ್ಕೆ ಏಪ್ರಿಲ್ ಮೇ ಬಿಸಿಲಿಗೆ. ಮರ ಎದುರಿಗೇ ನಿಂತಿರುತ್ತದೆ, ಹೂವಿಲ್ಲದೆ ಮುಖ ತಿರುಗಿಸಿರುತ್ತದೆ. ದಾಖಲೆ ಎಲ್ಲಿಗೆ ಬಂತು ಎಂದು ಮುಖ್ಯ ಶಿಕ್ಷಕರು ಕೇಳಿದಾಗಲೆಲ್ಲ ಬೇವಿನ ಹೂ ಬಂದಿಲ್ಲ ಸರ್ ಎನ್ನುವುದು ನನ್ನ ಮಾಮೂಲಿ ಉತ್ತರವಾಯಿತು. ಅವರು ಅದನ್ನು ಕುಂಟುನೆಪ ಎಂದೇ ಭಾವಿಸಿದ್ದರು.

ಆಗ ಮೇಷ್ಟ್ರು ಎಲೆಗೆ ತಿರುಗಿಸಿದರು. ಈಗ ಅನ್ನಿಸುವುದೇನೆಂದರೆ, ಎಲೆಯಿಂದಲೇ ಪ್ರಾರಂಭಿಸಿದ್ದರೂ ನಡೆಯುತ್ತಿತ್ತು. ಎಲೆಗಳು ಗೆಣ್ಣಿಗೆ ಒಂದರಂತೆ ಪರ್ಯಾಯವಾಗಿವೆಯೋ, ಎದುರುಬದುರಾಗಿ ಜೋಡಿಯಾಗಿವೆಯೋ? ಇದೊಂದೇ ಪ್ರಶ್ನೆಗೆ ಅನೇಕ ಕುಟುಂಬಗಳು ಪಕ್ಕಕ್ಕೆ ಸರಿಯುತ್ತವೆ. ಜೋಡಿ ಎಲೆ ಎಂದಾದರೆ ಎರಡು ತೊಟ್ಟುಗಳ ನಡುವೆ ಕಾಂಡದ ಮೇಲೆ ಲೆನ್ಸ್ ಇಡಿ. ಅಲ್ಲಿ ಸಣ್ಣ ಹಸಿರು ತ್ರಿಕೋನವೊಂದು ಕಾಂಡಕ್ಕೆ ಅಂಟಿಕೊಂಡಿದ್ದರೆ ಅದು ಸ್ಟಿಪ್ಯೂಲ್. ಅಂಚಿಗೆ ಹಲ್ಲಿಲ್ಲದ ಜೋಡಿ ಎಲೆಯೊಂದಿಗೆ ಅದು ಸಿಕ್ಕಿದರೆ ರೂಬಿಯೇಸಿ ಎಂದು ಬಹುಮಟ್ಟಿಗೆ ಹೇಳಿಬಿಡಬಹುದು. ಶಾಲೆಯ ಮುಂದಿನ ಕೇಪಳದಲ್ಲಿ ಇದನ್ನು ಹೂವಿಲ್ಲದ ಕಾಲದಲ್ಲೇ ಕಂಡುಕೊಂಡೆ. ಕಾಫಿಯೂ ಇದೇ ಕುಟುಂಬ. ಸಕಲೇಶಪುರದಲ್ಲಿರುವ ಚಿಕ್ಕಮ್ಮನಿಗೆ ಫೋನು ಮಾಡಿ ಹೂಮಳೆ ಬಿದ್ದ ಕೂಡಲೇ ಹೇಳಿ ಎಂದಿದ್ದೆ. ಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ಕಾಫಿ ಅರಳುತ್ತದೆ, ಅರಳಿದ್ದು ಎರಡು ಮೂರು ದಿನದಲ್ಲಿ ಬಾಡುತ್ತದೆ. ನನಗೆ ಆ ದಿನಗಳಲ್ಲಿ ಪರೀಕ್ಷಾ ಕೆಲಸ, ರಜೆ ಸಿಗುವುದು ದೇವರಿಗೇ ಪ್ರೀತಿ. ಕೊನೆಗೆ ಭಾನುವಾರಕ್ಕೆ ಕೂಡಿ ಬಂತು. ತೋಟದಲ್ಲಿ ನಿಂತಾಗ ಪರಿಮಳದಿಂದ ತಲೆ ಸುತ್ತುವಂತಿತ್ತು. ಆದರೂ ಮೊದಲು ಬಗ್ಗಿ ನೋಡಿದ್ದು ಎಲೆಗಳ ನಡುವಿನ ಆ ತ್ರಿಕೋನವನ್ನು. ಚಿಕ್ಕಮ್ಮ ನಕ್ಕರು: "ಹೂವು ಮೇಲಿದೆ ಕಣೇ."

ಎಲೆಯ ಇನ್ನೊಂದು ಉಪಕಾರ: ಬೆಳಕಿಗೆ ಹಿಡಿದು ನೋಡುವುದು. ನಿಂಬೆ, ಬಿಲ್ವದ ಎಲೆಗಳನ್ನು ಸೂರ್ಯನ ಕಡೆಗೆ ಹಿಡಿದರೆ ಸೂಜಿ ಚುಚ್ಚಿದಷ್ಟು ಸಣ್ಣ ಬೆಳಕಿನ ಚುಕ್ಕೆಗಳು ಕಾಣುತ್ತವೆ, ಅವು ಎಣ್ಣೆಯ ಗ್ರಂಥಿಗಳು. ಅದು ರೂಟೇಸಿ, ಕರಿಬೇವೂ ಅಲ್ಲಿಗೇ ಸೇರಿದ್ದು. ಬೇವು ಮಾತ್ರ ಮೀಲಿಯೇಸಿ. ಅದರ ಪುಟ್ಟ ಬಿಳಿ ಹೂವಿನಲ್ಲಿ ಕೇಸರಗಳು ಕೂಡಿ ಕೊಳವೆಯಾಗಿರುತ್ತವೆ. ನೇರಳೆ, ಸೀಬೆ, ನೀಲಗಿರಿಯ ಎಲೆಗಳಲ್ಲೂ ಚುಕ್ಕೆಗಳಿವೆ, ಆದರೆ ಅಂಚಿಗೆ ಸಮಾನಾಂತರವಾಗಿ ಒಂದು ನರ ಓಡುತ್ತದೆ, ಅವು ಮಿರ್ಟೇಸಿ.

ನನ್ನನ್ನು ಹೆಚ್ಚು ಸತಾಯಿಸಿದ ಜೋಡಿ ಲ್ಯಾಮಿಯೇಸಿ ಮತ್ತು ಅಕ್ಯಾಂಥೇಸಿ. ತುಂಬೆ ಒಂದು ಕಡೆ, ಆಡುಸೋಗೆ ಇನ್ನೊಂದು ಕಡೆ. ಎರಡರಲ್ಲೂ ಎಲೆ ಜೋಡಿ, ಹೂವು ತುಟಿ ಬಿಟ್ಟದ್ದು. ಕಾಂಡ ಚೌಕವಾಗಿದ್ದರೆ ಲ್ಯಾಮಿಯೇಸಿ ಎಂದು ಮಾರ್ಗದರ್ಶಿಗಳು ಹೇಳುತ್ತವೆ, ಆದರೆ ಅಕ್ಯಾಂಥೇಸಿಯಲ್ಲೂ ಚೌಕ ಕಾಂಡದವು ಇವೆ. ಎಲೆ ಉಜ್ಜಿ ಮೂಸಿ ಎನ್ನುತ್ತಾರೆ, ತುಳಸಿ, ದೊಡ್ಡಪತ್ರೆಗೆ ಅದು ಸರಿ, ಎಲ್ಲಕ್ಕೂ ಅಲ್ಲ. ಸಂಶಯ ಹರಿಸುವುದು ಹೂವಿನ ಬುಡ. ತುಂಬೆಯ ಬಿಳಿ ಹೂವನ್ನು ಮೆಲ್ಲಗೆ ಎಳೆದು ತೆಗೆದು, ಉಳಿದ ಹಸಿರು ಬಟ್ಟಲನ್ನು ಸೂಜಿಯಿಂದ ಸೀಳಿ ಲೆನ್ಸಿನಲ್ಲಿ ನೋಡಿ: ತಳದಲ್ಲಿ ನಾಲ್ಕು ಪುಟ್ಟ ಗುಂಡುಗಳು ಚೌಕವಾಗಿ ಕುಳಿತಿವೆ, ಶಲಾಕನಳಿಕೆ ಅವುಗಳ ನಡುವಿನ ಗುಳಿಯಿಂದ ಎದ್ದಿದೆ. ಬಲಿತ ಮೇಲೆ ಅವೇ ನಾಲ್ಕು ಪುಟ್ಟ ಕಾಯಿಗಳಾಗುತ್ತವೆ. ಅಕ್ಯಾಂಥೇಸಿಯಲ್ಲಿ ಹಾಗಿಲ್ಲ; ಒಂದೇ ಕಾಯಿ, ಒಣಗಿದಾಗ ಎರಡು ಹೋಳಾಗಿ ಸಿಡಿಯುತ್ತದೆ, ಬೀಜಗಳ ಕೆಳಗೆ ಪುಟ್ಟ ಕೊಕ್ಕೆಗಳು. ನಮ್ಮ ಮಕ್ಕಳು ಒಣಕಾಯಿಯನ್ನು ಉಗುಳಿನಲ್ಲಿ ಒದ್ದೆ ಮಾಡಿ ಒಬ್ಬರ ಮೇಲೊಬ್ಬರು ಪಟ್ಟೆಂದು ಸಿಡಿಸುವ ನೀಲಿ ಹೂವಿನ ರುಯೆಲಿಯಾ ಗಿಡ ಇದೇ ಕುಟುಂಬದ್ದು. ಈ ಪಾಠವನ್ನು ಅವರಿಗೆ ಹೇಳಿಕೊಡಬೇಕಾಗಲಿಲ್ಲ, ಕೊಕ್ಕೆ ತೋರಿಸಿದ್ದಷ್ಟೇ ನನ್ನ ಕೆಲಸ. ಕನಕಾಂಬರ, ಗೋರಂಟೆ, ಆಡುಸೋಗೆ ಎಲ್ಲದರ ಹೂಗೊಂಚಲಿನಲ್ಲೂ ಪ್ರತಿ ಹೂವಿನಡಿ ಎದ್ದು ಕಾಣುವ ಹಸಿರು ಪತ್ರಗಳಿರುವುದು ಇನ್ನೊಂದು ಸುಳಿವು. ಕುಟುಂಬಗಳನ್ನು ಒಂಟೊಂಟಿಯಾಗಿ ಕಲಿಯದೆ ಹೀಗೆ ಗೊಂದಲ ಮಾಡುವ ಜೋಡಿಗಳಾಗಿಯೇ ಕಲಿಯಿರಿ ಎಂದು ಯಾರು ಕೇಳಿದರೂ ಹೇಳುತ್ತೇನೆ.

ಹಾಲು ಬಂದರೆ ಒಂದು ಕುಟುಂಬ ಎಂಬ ಭ್ರಮೆಯೂ ಬೇಡ. ಎಕ್ಕ, ಕಣಗಿಲೆ, ನಂದಿಬಟ್ಟಲು ಅಪೋಸೈನೇಸಿ. ಮೊಗ್ಗಿನಲ್ಲಿ ದಳಗಳು ಒಂದೇ ಕಡೆಗೆ ತಿರುಚಿರುವುದನ್ನು ಇವುಗಳಲ್ಲಿ ಹೆಚ್ಚಾಗಿ ಕಾಣಬಹುದು. ಕಳ್ಳಿ ಯೂಫೋರ್ಬಿಯೇಸಿ, ಹಾಲಿಲ್ಲದ ಹರಳೂ ಅದೇ. ಹರಳಿನ ಗೊಂಚಲಿನಲ್ಲಿ ಗಂಡು ಹೂ ಕೆಳಗೆ, ಹೆಣ್ಣು ಹೂ ಮೇಲೆ, ಕಾಯಿಗೆ ಮೂರು ಹೋಳು. ಆಲ, ಅತ್ತಿ, ಹಲಸು ಮೊರೇಸಿ. ಸಪೋಟ ತನ್ನ ಹೆಸರಿನದೇ ಆದ ಸಪೋಟೇಸಿ. ಎಕ್ಕದ ಹಾಲು, ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ಅಪಾಯ. ಮಕ್ಕಳ ಕೈಗೆ ಬ್ಲೇಡು ಕೊಡುವ ದಿನ ಈ ಎರಡನ್ನು ಪಟ್ಟಿಯಿಂದ ಬಿಡಿ, ಹೂ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಸಿ.

ಪುಸ್ತಕಗಳ ಹೆಸರುಗಳದು ಬೇರೆ ತಲೆನೋವು. ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದ ಕಲಿಸುತ್ತಿರುವುದು 1862ರಿಂದ 1883ರವರೆಗೆ ಪ್ರಕಟವಾದ ಬೆಂಥಮ್ ಮತ್ತು ಹುಕರ್ ಪದ್ಧತಿ. ಅಂತರ್ಜಾಲದಲ್ಲಿರುವುದು ಡಿಎನ್‌ಎ ಆಧರಿಸಿದ ಎಪಿಜಿ. ತೇಗ ಹಳೆಯ ಪುಸ್ತಕದಲ್ಲಿ ವರ್ಬಿನೇಸಿ, ಈಗ ಲ್ಯಾಮಿಯೇಸಿ, ಅಂದರೆ ತುಳಸಿಯ ಮನೆ. ಬೂರುಗ ಹಿಂದೆ ಬಾಂಬೇಕೇಸಿ, ಈಗ ಮಾಲ್ವೇಸಿ. ಎಕ್ಕ ಹಿಂದೆ ಆಸ್ಕ್ಲಿಪಿಯಡೇಸಿ. ನೆಲ್ಲಿಕಾಯಿ ಹರಳಿನ ಮನೆಯಿಂದ ಹೊರಬಿದ್ದು ಫಿಲ್ಲಾಂಥೇಸಿ ಎಂದು ಬೇರೆ ಸಂಸಾರ ಹೂಡಿದೆ. ತಾವರೆ ಮತ್ತು ನೈದಿಲೆ ಒಂದೇ ಕೆರೆಯಲ್ಲಿದ್ದರೂ ದೂರದವರು ಎಂದು ಗೊತ್ತಾದಾಗ ನಂಬುವುದಕ್ಕೇ ಆಗಲಿಲ್ಲ. ಇವಲ್ಲದೆ ಎಂಟು ಕುಟುಂಬಗಳಿಗೆ ಅಧಿಕೃತವಾಗಿಯೇ ಎರಡೆರಡು ಹೆಸರು: ಫ್ಯಾಬೇಸಿಯೇ ಲೆಗ್ಯುಮಿನೋಸಿ, ಆಸ್ಟರೇಸಿಯೇ ಕಾಂಪೋಸಿಟಿ, ಲ್ಯಾಮಿಯೇಸಿಯೇ ಲೇಬಿಯೇಟಿ. ಎರಡು ಪುಸ್ತಕ ತೆರೆದಿಟ್ಟು ಯಾವುದು ತಪ್ಪು ಎಂದು ಹುಡುಕುತ್ತಾ ರಾತ್ರಿ ಕಳೆಯಬೇಡಿ. ನಮ್ಮ ದಾಖಲೆ ಪುಸ್ತಕದಲ್ಲಿ ಹೊಸ ಹೆಸರು ಶಾಯಿಯಲ್ಲಿ, ಹಳೆಯದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಇದೆ.

ನಮ್ಮ ಜಿಲ್ಲೆಯ ಅದೃಷ್ಟವೆಂದರೆ ಹಾಸನಕ್ಕೆ ತನ್ನದೇ ಸಸ್ಯಗ್ರಂಥವಿದೆ. ಸಲ್ಡಾನ ಮತ್ತು ನಿಕಲ್ಸನ್ ಸಂಪಾದಿಸಿದ 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್', 1976ರದು. ಕಾಲೇಜೊಂದರ ಗ್ರಂಥಾಲಯದಲ್ಲಿ ಇತ್ತು, ಆದರೆ ಹೊರಗೆ ಕೊಡುವಂತಿಲ್ಲ. ಮುಖ್ಯ ಶಿಕ್ಷಕರ ಪತ್ರ, ಗುರುತಿನ ಚೀಟಿಯ ಪ್ರತಿ, ಪ್ರಾಂಶುಪಾಲರ ಅನುಮತಿ ಎಲ್ಲ ಕೊಟ್ಟ ಮೇಲೆ ಅಲ್ಲೇ ಕುಳಿತು ನೋಡಲು ಬಿಟ್ಟರು. ಅದರಲ್ಲಿರುವ ಕೀಲಿ, ಅಂದರೆ ಎರಡರಲ್ಲೊಂದು ಆರಿಸುತ್ತಾ ಹೋಗುವ ಪ್ರಶ್ನೆಗಳ ಸರಣಿ, ಗಣಿತ ಓದಿದವರಿಗೆ ಹೇಳಿ ಮಾಡಿಸಿದ್ದು. ಒಂದು ಹೆಜ್ಜೆ ತಪ್ಪಿದರೂ ಎಲ್ಲೋ ತಲುಪುತ್ತೇವೆ ಎಂಬುದೂ ಅಷ್ಟೇ ನಿಜ. ಕುಟುಂಬ ಮೊದಲೇ ಗೊತ್ತಿದ್ದರೆ ನೇರ ಆ ಪುಟಕ್ಕೆ ಹೋಗಿ ಅರ್ಧ ದಾರಿ ಉಳಿಸಬಹುದು. ಮನೆಯಲ್ಲೇ ಕುಳಿತು ನೋಡುವವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ (ಒಣಗಿಸಿದ ಸಸ್ಯಗಳ ಸಂಗ್ರಹಾಲಯ) ಸಿದ್ಧಪಡಿಸಿದ 'ಡಿಜಿಟಲ್ ಫ್ಲೋರಾ ಆಫ್ ಕರ್ನಾಟಕ' ಉಚಿತವಾಗಿ ಸಿಗುತ್ತದೆ.

ಹತ್ತಿರದ ಕಾಡಿಗೆ ಮಕ್ಕಳನ್ನು ಕರೆದೊಯ್ದು ನಾಲ್ಕು ಮಾದರಿ ತರೋಣ ಎಂದು ಅರ್ಜಿ ಕೊಟ್ಟಿದ್ದೆ. ಮಕ್ಕಳ ಪಟ್ಟಿ, ಪೋಷಕರ ಒಪ್ಪಿಗೆ, ಉದ್ದೇಶದ ವಿವರ, ಮುಚ್ಚಳಿಕೆ, ಒಂದು ಕೊಟ್ಟರೆ ಇನ್ನೊಂದು. ಉತ್ತರ ಬರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು, ನೋಡಿ ಬರಬಹುದು, ಏನನ್ನೂ ಕೀಳುವಂತಿಲ್ಲ ಎಂದಿತ್ತು. ನಿಯಮ ಸರಿಯಾದದ್ದೇ, ಸಂರಕ್ಷಿತ ಅರಣ್ಯದಲ್ಲಿ ಒಂದು ಎಲೆ ಕೀಳಲೂ ಅನುಮತಿ ಬೇಕು. ಬೇಸರವಾದದ್ದು ತಡಕ್ಕೆ. ಕಲಿಯುವವರಿಗೆ ಕಾಡು ಬೇಕಾಗಿಯೂ ಇಲ್ಲ. ಹೊಲದ ಬದು, ಕೆರೆ ಏರಿ, ರಸ್ತೆಬದಿಯ ಕಳೆ ಒಂದು ವರ್ಷಕ್ಕೆ ಮಿಗುವಷ್ಟಿದೆ. ಬೇರೆಯವರ ಹೊಲವಾದರೆ ಒಂದು ಮಾತು ಕೇಳಿಕೊಂಡು ಇಳಿಯಿರಿ. ನಸುಗುನ್ನಿ ಕಾಯಿ ಯಾವುದು ಎಂದು ಹೊಲದವರೇ ತೋರಿಸುತ್ತಾರೆ. ಆ ಕೆರೆತದ ಪರಿಚಯ ಪುಸ್ತಕದಿಂದಲೇ ಆದರೆ ಒಳ್ಳೆಯದು.

ಕಿತ್ತು ತಂದ ಮಾದರಿಗಳನ್ನು ಒತ್ತಿ ಒಣಗಿಸುವ ಕೆಲಸಕ್ಕೆ ಬಡಗಿಯಿಂದ ಎರಡು ಪ್ಲೈವುಡ್ ಹಲಗೆ ಕೊಯ್ಯಿಸಿ, ಹಳೆಯ ಬೆಲ್ಟಿನಿಂದ ಬಿಗಿದೆವು. ನಡುವೆ ದಿನಪತ್ರಿಕೆ. ಮೊದಲ ದಿನಗಳಲ್ಲಿ ದಿನವೂ ಕಾಗದ ಬದಲಿಸಬೇಕು, ಮಳೆಗಾಲದಲ್ಲಿ ದಿನಕ್ಕೆ ಎರಡು ಬಾರಿಯಾದರೂ ಸರಿ. ದಸರಾ ರಜೆಯಲ್ಲಿ ಬೀರುವಿನೊಳಗೆ ಉಳಿದ ಕಟ್ಟು ಬೂಷ್ಟು ಹಿಡಿದು ಕಪ್ಪಾಯಿತು. ಆ ಗಿಡಗಳಿಗೆ ಮತ್ತೆ ಹೂವು ಬರುವವರೆಗೆ ಕಾಯಬೇಕಾಯಿತು. ಒಣಗಿದ ಗಿಡ ಅಂಟಿಸುವ ಹಾಳೆಯ ಅಳತೆ ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ. ಊರು, ದಿನಾಂಕ, ಜಾಗ, ಮುಖ್ಯವಾಗಿ ಹೂವಿನ ಬಣ್ಣ, ಇಷ್ಟನ್ನು ಕಿತ್ತ ಕ್ಷಣದಲ್ಲೇ ಚೀಟಿಯಲ್ಲಿ ಬರೆದಿಡಬೇಕು, ಒಣಗಿದ ಮೇಲೆ ಎಲ್ಲ ಕಂದು. ಕೀಟ ಬಾರದಂತೆ ಹಿಂದೆ ಪಾದರಸದ ವಿಷ ಸವರುತ್ತಿದ್ದರು. ಶಾಲೆಯಲ್ಲಿ ಅದು ಬೇಡವೇ ಬೇಡ. ಒಣಗಿದ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕೆಲವು ದಿನ ಫ್ರೀಜರಿನಲ್ಲಿಟ್ಟೆವು. ನಮ್ಮ ಮನೆಯ ಐಸ್‌ಕ್ರೀಮಿಗೆ ಜಾಗ ಸಿಗಲಿಲ್ಲ ಎಂಬ ದೂರು ಇನ್ನೂ ನಡೆಯುತ್ತಿದೆ.

ಹುಲ್ಲನ್ನು ನಾನು ಅರ್ಧಕ್ಕೇ ಬಿಟ್ಟಿದ್ದೇನೆ. ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿ. ದುಂಡಗಿದ್ದು ಗೆಣ್ಣುಗಳಿದ್ದರೆ ಗರಿಕೆಯ ಮನೆ ಪೋಯೇಸಿ, ಮೂರು ಮೂಲೆಯಾಗಿ ತಡೆದು ನಿಂತರೆ ಜೇಕಿನ ಮನೆ ಸೈಪರೇಸಿ. ಇಷ್ಟು ಗೊತ್ತಾದರೆ ದಾಖಲೆ ಪುಸ್ತಕಕ್ಕೆ ಸಾಕು. ಅದರ ಮುಂದೆ ಹುಲ್ಲಿನ ಹೂವನ್ನು ಬಿಡಿಸಲು ಮೇಷ್ಟ್ರ ತಾಳ್ಮೆ ಬೇಕು, ಸೂಕ್ಷ್ಮದರ್ಶಕವೂ ಬೇಕು.

ಫಲಕ ಬರೆಸುವವರಿಗೆ ಒಂದೆರಡು ಮಾತು. ಮರಕ್ಕೆ ಮೊಳೆ ಹೊಡೆಯಬೇಡಿ. ಸ್ಪ್ರಿಂಗ್ ಕಟ್ಟಿದ ತಂತಿಯಲ್ಲಿ ನೇತುಹಾಕಿದರೆ ಮರ ದಪ್ಪವಾದಂತೆ ತಂತಿಯೂ ಸಡಿಲುತ್ತದೆ. ಕುಟುಂಬದ ಹೆಸರನ್ನು ಊರಿನ ಹೆಸರಿನ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಬರೆಸಿ, ವೈಜ್ಞಾನಿಕ ಹೆಸರಿಗೆ ಕೆಳಗೆ ಬೇರೆ ಸಾಲು ಕೊಡಿ. ಅದು ಆಗಾಗ ಬದಲಾಗುತ್ತದೆ, ಆಗ ಆ ಒಂದು ಸಾಲಿಗೆ ಮಾತ್ರ ಬಣ್ಣ ಬಳಿದು ಮತ್ತೆ ಬರೆಯಬಹುದು. ನಮ್ಮ ಜಾಲಿ ಮರದ ಫಲಕಕ್ಕೆ ಪೇಂಟರು ಅಕೇಶಿಯ ಎಂದು ಬರೆದು ಒಣಗಿಸಿ ತಂದ ದಿನವೇ ಅದು ಈಗ ವ್ಯಾಚೆಲಿಯ ಎಂದು ಮೇಷ್ಟ್ರು ಹೇಳಿದರು. ಫ್ಯಾಬೇಸಿ ಎಂಬ ಮೇಲಿನ ಸಾಲು ಹಾಗೇ ಇದೆ.